ಓಡುವ ಹೆಣ್ಣಿಲಿಗಳು

ಗುರುವಾರ ಬೆಳಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ, ಎಫ್-19 ಎಂಬ ಹೆಣ್ಣಿಲಿ ತನ್ನ ಕೇಜಿನಲ್ಲಿ ಸತ್ತು ಬಿದ್ದಿದ್ದನ್ನು ದಾಕ್ಷಾಯಿಣಿ ಹಾವಣಗಿ ನೋಡಿದಳು.

ಮೈ ಇನ್ನೂ ಬೆಚ್ಚಗಿತ್ತು. ಗಾಯವೆಂದರೆ ಮೂಗಿನ ತುದಿಯಲ್ಲಿ ಮಾತ್ರ. ಕೇಜಿನ ತಂತಿಗೆ ಉಜ್ಜಿ ಉಜ್ಜಿ ಅಲ್ಲಿನ ಚರ್ಮ ಕಿತ್ತುಹೋಗಿತ್ತು. ತೂಕ ನೂರಾ ಎಪ್ಪತ್ತೆಂಟು ಗ್ರಾಂ. ತಿಂಗಳ ಹಿಂದೆ ಇನ್ನೂರ ಮೂವತ್ತು ಇತ್ತು. ಗೂಡು ಕಟ್ಟಿಕೊಳ್ಳಲೆಂದು ಹಿಂದಿನ ದಿನ ಹಾಕಿದ್ದ ಕಾಗದದ ಚೂರುಗಳು ಹಾಕಿದ ಹಾಗೆಯೇ ಮೂಲೆಯಲ್ಲಿ ಬಿದ್ದಿದ್ದವು. ಕೇಜಿನ ಮೇಲಿನ ಪುಟ್ಟ ಪರದೆಯಲ್ಲಿ ಆ ಇಲಿ ಎಷ್ಟು ಚುರುಕಾಗಿದೆ ಎಂದು ತೋರಿಸುವ ಕೊನೆಯ ಚೇತನಾಂಕ ಹಸಿರು ಬಣ್ಣದಲ್ಲಿ ಉಳಿದುಕೊಂಡಿತ್ತು: ನೂರಕ್ಕೆ ತೊಂಬತ್ತೊಂದು.

ಆರು ದಿನಗಳಲ್ಲಿ ಸತ್ತ ಮೂರನೆಯ ಹೆಣ್ಣಿಲಿ ಅದು. ಶನಿವಾರ ಎಫ್-4, ಮಂಗಳವಾರ ಎಫ್-11. ಮೂರಕ್ಕೂ ಹಿಂದಿನ ಗುರುವಾರ ಎನ್-41 ಔಷಧದ ಏಳನೆಯ ಡೋಸ್ ಕೊಡಲಾಗಿತ್ತು. ಅದೇ ಔಷಧದ ಏಳನೆಯ ಡೋಸ್ ದಾಕ್ಷಾಯಿಣಿಯ ಅಕ್ಕ ಕಸ್ತೂರಿಗೆ ಇವತ್ತು ಹತ್ತೂವರೆಗೆ ಕೊಡುವುದಿತ್ತು.

ಧಾರವಾಡದ ಹೊರಗೆ, ಹೆದ್ದಾರಿಗೆ ಹೊಂದಿಕೊಂಡ ಕೈಗಾರಿಕಾ ಪ್ರದೇಶದಲ್ಲಿದ್ದ ಆ ಸಂಶೋಧನಾ ಕೇಂದ್ರದಲ್ಲಿ ದಾಕ್ಷಾಯಿಣಿ ಹನ್ನೆರಡು ವರ್ಷಗಳಿಂದ ಅನಿಮಲ್ ಹೌಸ್ ನೋಡಿಕೊಳ್ಳುತ್ತಿದ್ದಳು. ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್‌ಸಿ. ಮಾಡಿದ್ದವಳು. ಬೆಳಗ್ಗೆ ಆರಕ್ಕೆ ಬಂದು ಇಲಿಗಳನ್ನು ತೂಗುವುದು, ಕೇಜಿನ ತಳಕ್ಕೆ ಮೆಕ್ಕೆಜೋಳದ ದಿಂಡಿನ ಪುಡಿ ಹರಡುವುದು, ನೀರಿನ ಬಾಟಲಿ ಬದಲಿಸುವುದು, ರಿಜಿಸ್ಟರ್ ಬರೆಯುವುದು ಅವಳ ಕೆಲಸ. ಔಷಧದ ವಿಚಾರ ಡಾಕ್ಟರುಗಳದ್ದು, ಅಂಕಿಗಳ ವಿಚಾರ ಕಂಟ್ರೋಲ್ ರೂಮಿನದ್ದು.

ಎನ್-41 ಖಿನ್ನತೆಯ ಔಷಧ. ವಾರಕ್ಕೊಮ್ಮೆ ಮೂಗಿಗೆ ಒಂದು ಸಲ ಸಿಂಪಡಿಸಿದರೆ ಸಾಕು. ಹಳೆಯ ಮಾತ್ರೆಗಳು ಮೂರು ನಾಲ್ಕು ವಾರ ಕಾಯಿಸುತ್ತಿದ್ದವು. ಇದು ಒಂದೆರಡು ತಾಸಿನಲ್ಲಿ ಕೆಲಸ ಮಾಡುತ್ತಿತ್ತು. ಸೋತು ಕೈಚೆಲ್ಲಿದ ಪ್ರಾಣಿಯ ಮಿದುಳಿನಲ್ಲಿ ಒಂದು ಬ್ರೇಕು ಬಿಗಿದುಕೊಂಡಿರುತ್ತದೆ, ಔಷಧ ಅದನ್ನು ಸಡಿಲಿಸುತ್ತದೆ ಎಂದು ಕೇಂದ್ರದ ಮುಖ್ಯಸ್ಥೆ ಡಾ. ವಸುಧಾ ಇನಾಮದಾರ ಹೊಸಬರಿಗೆ ವಿವರಿಸುತ್ತಿದ್ದರು. ಗಂಡಿಲಿಗಳ ಮೇಲೆ ನಾಲ್ಕು ವರ್ಷ ಪರೀಕ್ಷೆ ನಡೆದಿತ್ತು. ನಂತರ ಮುನ್ನೂರ ನಲವತ್ತು ರೋಗಿಗಳ ಮೇಲೆ ಪ್ರಯೋಗಕ್ಕೆ ಅನುಮತಿ ಸಿಕ್ಕಿತು. ಅವರಲ್ಲಿ ನೂರಾ ತೊಂಬತ್ತೆಂಟು ಮಂದಿ ಹೆಂಗಸರು. ಕೊನೆಯ ಗಳಿಗೆಯಲ್ಲಿ ದಿಲ್ಲಿಯ ಸಮಿತಿ ಒಂದು ಷರತ್ತು ಹಾಕಿತು: ಹೆಣ್ಣಿಲಿಗಳ ಮೇಲಿನ ಪರೀಕ್ಷೆಯೂ ಜೊತೆಜೊತೆಗೆ ಆಗಬೇಕು. ಹಾಗಾಗಿ ಇಪ್ಪತ್ನಾಲ್ಕು ಹೆಣ್ಣಿಲಿಗಳನ್ನು ತಂದು ಹನ್ನೆರಡಕ್ಕೆ ಔಷಧ, ಹನ್ನೆರಡಕ್ಕೆ ಬರೀ ಉಪ್ಪುನೀರು ಕೊಡಲು ಶುರುಮಾಡಿದರು. ರೋಗಿಗಳ ಪ್ರಯೋಗ ಅದಾಗಿ ಒಂದು ವಾರಕ್ಕೆ ಆರಂಭವಾಯಿತು. ಅಂದರೆ ಹೆಣ್ಣಿಲಿಗಳು ಹೆಂಗಸರಿಗಿಂತ ಒಂದು ವಾರ ಮುಂದಿದ್ದವು.

ದಾಕ್ಷಾಯಿಣಿ ಎಫ್-19 ಅನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಹೆಸರು ಬರೆದು ಫ್ರಿಜ್ಜಿನೊಳಗೆ ಇರಿಸಿದಳು. ಉಳಿದ ಒಂಬತ್ತು ಕೇಜುಗಳ ಮುಂದೆ ನಿಂತು ನೋಡಿದಳು. ಒಂಬತ್ತೂ ಇಲಿಗಳು ಓಡುತ್ತಿದ್ದವು. ಈ ಗೋಡೆಯಿಂದ ಆ ಗೋಡೆಗೆ, ಆ ಗೋಡೆಯಿಂದ ಈ ಗೋಡೆಗೆ. ಇಲಿಗಳು ಹಗಲು ಹೊತ್ತು ಮಲಗುವ ಪ್ರಾಣಿಗಳು. ಪಕ್ಕದ ಸಾಲಿನ ಉಪ್ಪುನೀರಿನ ಇಲಿಗಳು ಕಾಗದದ ಗೂಡಿನಲ್ಲಿ ಮುದುಡಿಕೊಂಡು ಆಗಲೇ ನಿದ್ದೆಗೆ ಜಾರಿದ್ದವು.

ಕಂಟ್ರೋಲ್ ರೂಮ್ ಅದೇ ಕಟ್ಟಡದ ಮೊದಲ ಮಹಡಿಯಲ್ಲಿತ್ತು. ಆರರ ಪಾಳಿಗೆ ಬಂದಿದ್ದ ಫಾರೂಕ್ ಪರದೆಗಳ ಮುಂದೆ ಕುಳಿತು ಡಬ್ಬಿಯಿಂದ ಅವಲಕ್ಕಿ ತಿನ್ನುತ್ತಿದ್ದ. ಮೂವತ್ತರ ಹುಡುಗಾಟಿಕೆಯ ಮನುಷ್ಯ. ಇಲಿಗಳ ಚಲನವಲನ ನೋಡಿ ಚೇತನಾಂಕ ಕೊಡುವ ಪ್ರೋಗ್ರಾಮ್ ಅವನ ಸುಪರ್ದಿಯಲ್ಲಿತ್ತು.

"ಏನ್ರಿ ಅಕ್ಕಾರ, ಇಷ್ಟ ಲಗೂ ಮ್ಯಾಲೆ ಬಂದ್ರಿ? ಇಲಿ ಎಲ್ಲಾ ರಜಾ ಹಾಕ್ಯಾವೇನು?"

"ಮೂರನೇದು ಸತ್ತೈತಿ."

ಅವನು ಡಬ್ಬಿ ಮುಚ್ಚಿ ಪರದೆ ನೋಡಿದ. ಪ್ರೋಗ್ರಾಮ್ ಆ ಸಾವನ್ನು ಆಗಲೇ ಗುರುತಿಸಿ ಬದಿಗೆ ಸರಿಸಿತ್ತು: ಅವಘಡ, ಅತಿ ಚಟುವಟಿಕೆಯಿಂದ ತಂತಿಗೆ ಪೆಟ್ಟು. ಹಿಂದಿನ ಎರಡಕ್ಕೂ ಅದೇ ಕಾರಣ. ಅವಘಡವೆಂದು ಗುರುತಾದ ಪ್ರಾಣಿ ಫಲಿತಾಂಶದಲ್ಲಿ ಬರುವುದಿಲ್ಲ. ಹೋದ ವಾರದ ವರದಿಯಲ್ಲಿ ಹೆಣ್ಣಿಲಿಗಳ ಸರಾಸರಿ ಎಂಬತ್ತೊಂಬತ್ತು, ಗಂಡಿಲಿಗಳದ್ದು ಎಪ್ಪತ್ತಾರು ಎಂದಿತ್ತು. ಹೆಣ್ಣುಗಳಿಗೆ ಔಷಧ ಇನ್ನೂ ಚೆನ್ನಾಗಿ ಹಿಡಿದಿದೆ ಎಂದು ಮೀಟಿಂಗಿನಲ್ಲಿ ಚಪ್ಪಾಳೆ ತಟ್ಟಿದ್ದರು.

ಈ ಪ್ರೋಗ್ರಾಮಿಗೆ ಯಾವ ಇಲಿಗಳನ್ನು ತೋರಿಸಿ ಕಲಿಸಿದ್ದೀರಿ ಎಂದು ದಾಕ್ಷಾಯಿಣಿ ಕೇಳಿದಳು. ಆರು ಸಾವಿರ ತಾಸಿನ ವಿಡಿಯೊ, ಹದಿನೈದು ವರ್ಷದ ಸಂಗ್ರಹ ಎಂದ ಫಾರೂಕ್. ಅದರಲ್ಲಿ ಹೆಣ್ಣಿಲಿ ಎಷ್ಟು ಎಂದಳು. ಅವನು ಹುಡುಕಿದ. ಇನ್ನೊಂದು ಪಟ್ಟಿ ತೆರೆದು ಮತ್ತೆ ಹುಡುಕಿದ.

"ಇಲ್ರಿ."

"ಒಂದೂ?"

"ಒಂದೂ ಇಲ್ಲ."

ಇದು ಅವಳಿಗೆ ಗೊತ್ತಿದ್ದ ಸಂಗತಿಯೇ. ಹೆಣ್ಣಿಲಿಯ ಮೈಯಲ್ಲಿ ನಾಲ್ಕೈದು ದಿನಕ್ಕೊಮ್ಮೆ ಹಾರ್ಮೋನುಗಳು ಏರಿಳಿಯುತ್ತವೆ. ಅದರಿಂದ ಅಂಕಿಗಳು ಚದುರುತ್ತವೆ ಎಂದು ಮೊದಲಿನಿಂದಲೂ ಪ್ರಯೋಗಕ್ಕೆ ಗಂಡನ್ನೇ ಆರಿಸುವುದು ಇಲ್ಲಿನ ಪದ್ಧತಿ. ಹನ್ನೆರಡು ವರ್ಷಗಳಿಂದ ಪ್ರತಿ ಸೂಲಿನಲ್ಲೂ ಮರಿಗಳ ಬಾಲ ಎತ್ತಿ ನೋಡಿ ಗಂಡನ್ನು ಈ ಟ್ರೇಗೆ, ಹೆಣ್ಣನ್ನು ಆ ಟ್ರೇಗೆ ಹಾಕಿದವಳು ಅವಳೇ. ಆ ಟ್ರೇ ಮತ್ತೆ ಈ ಕಟ್ಟಡಕ್ಕೆ ಬರುತ್ತಿರಲಿಲ್ಲ.

ಇನ್ನೊಂದು ಸಂಗತಿಯೂ ಅವಳಿಗೆ ಗೊತ್ತಿತ್ತು, ಆದರೆ ಅದನ್ನು ಯಾರೂ ಕೇಳಿರಲಿಲ್ಲ. ಕೇಜಿನೊಳಗೆ ಕೈ ಹಾಕಿದಾಗ ಹೆದರಿದ ಗಂಡಿಲಿ ಕಲ್ಲಿನ ಹಾಗೆ ನಿಂತುಬಿಡುತ್ತದೆ. ಹೆಣ್ಣಿಲಿಗಳಲ್ಲಿ ಎಷ್ಟೋ ಹೆದರಿದಾಗ ಓಡುತ್ತವೆ. ಮೂಲೆಯಿಂದ ಮೂಲೆಗೆ ಬಾಣದ ಹಾಗೆ.

ಖಿನ್ನತೆಯ ಔಷಧಗಳನ್ನು ಅಳೆಯುವ ವಿದ್ಯೆಯಲ್ಲಿ ಹಳೆಯದೊಂದು ನಂಬಿಕೆ ಇದೆ. ಇಲಿಯನ್ನು ನೀರಿಗೆ ಬಿಟ್ಟರೆ ಸ್ವಲ್ಪ ಹೊತ್ತು ಈಜಿ ಆಮೇಲೆ ಸುಮ್ಮನೆ ತೇಲುತ್ತದೆ. ಹಾಗೆ ತೇಲುವುದನ್ನು ಸೋಲೊಪ್ಪಿದ್ದು ಎಂದು ಎಣಿಸುತ್ತಾರೆ. ಔಷಧ ಕೊಟ್ಟ ಇಲಿ ಹೆಚ್ಚು ಹೊತ್ತು ಕೈಕಾಲು ಆಡಿಸಿದರೆ ಔಷಧ ಕೆಲಸ ಮಾಡಿತು. ಚೇತನಾಂಕದ ಬೇರು ಇರುವುದು ಇಲ್ಲಿ. ನಿಂತರೆ ರೋಗ, ಚಲಿಸಿದರೆ ಗುಣ.

"ಹೆದರಿ ಓಡೋದಕ್ಕೂ ಸುಮ್ನ ಓಡೋದಕ್ಕೂ ನಿಮ್ಮ ಮಷೀನಿಗೆ ಫರಕ್ ಗೊತ್ತಾಗತೈತೇನು?"

"ಅದಕ್ಕ ಓಡೋದಂದ್ರ ಓಡೋದು ಅಷ್ಟರಿ. ಓಡಿದ್ರ ನಂಬರ್ ಏರತೈತಿ." ಫಾರೂಕ್ ಇನ್ನೊಂದು ಪರದೆಯತ್ತ ಬೊಟ್ಟು ಮಾಡಿದ. ಮುಂದಿನ ಮಾತನ್ನು ಅವನೇ ಹೇಳಿದ: "ಪೇಷಂಟ್ ಕೈಪಟ್ಟೀಗೂ ಇದಽ ಪ್ರೋಗ್ರಾಮ್ ಐತ್ರಿ."

ಚಲನೆ ಅಳೆಯುವ ಆ ಪಟ್ಟಿ ಪ್ರತಿ ರೋಗಿಯ ಕೈಯಲ್ಲೂ ಇತ್ತು, ಅದರ ಅಂಕಿ ಮನೆಯವರ ಮೊಬೈಲಿಗೂ ಬರುತ್ತಿತ್ತು. ಕಸ್ತೂರಿಯ ಎಡಗೈಯ ಪಟ್ಟಿ ಈ ವಾರವೆಲ್ಲ ಹಸಿರಾಗಿತ್ತು.

ಸಂಬಂಧಿಕರು ಹತ್ತು ಹೇಳಿದರೂ ಕಸ್ತೂರಿಯ ಕಾಯಿಲೆಗೆ ಇಂಥದೇ ಕಾರಣವೆಂದು ತೋರಿಸಲು ಯಾರಿಗೂ ಆಗಿರಲಿಲ್ಲ. ಹೊಸಯಲ್ಲಾಪುರದ ಮನೆಯಲ್ಲಿ ಅವಳು ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿಕೊಡುತ್ತಿದ್ದಳು. ಎರಡು ವರ್ಷದ ಹಿಂದೆ ಒಂದು ಬೆಳಗ್ಗೆ ಹಿಟ್ಟು ನಾದಿಟ್ಟು ಎದ್ದುಹೋಗಿ ನಡುಮನೆಯ ಗೋಡೆಗೆ ಮುಖ ಮಾಡಿ ಕೂತಳು. ಅಂದಿನಿಂದ ದಿನಾ ಕೂತಳು. ಉಣಿಸಿದರೆ ಉಂಡಳು, ಎಬ್ಬಿಸಿದರೆ ಎದ್ದಳು. ಮೂರು ಬಗೆಯ ಮಾತ್ರೆಗಳು ಆದವು. ಎನ್-41 ಪ್ರಯೋಗಕ್ಕೆ ಅವಳ ಹೆಸರು ಕೊಟ್ಟವಳು ದಾಕ್ಷಾಯಿಣಿ. ಒಪ್ಪಿಗೆ ಪತ್ರಕ್ಕೆ ಸಾಕ್ಷಿ ಸಹಿ ಹಾಕಿದವಳೂ ಅವಳೇ. ಮೂರನೆಯ ಡೋಸಿಗೆ ಕಸ್ತೂರಿ ಎದ್ದು ಒಲೆ ಹಚ್ಚಿದಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು ಅತ್ತವಳೂ ಅವಳೇ.

ಆರು ಮುಕ್ಕಾಲಿಗೆ ದಾಕ್ಷಾಯಿಣಿ ನಿಯಮ ಮುರಿದಳು. ಪ್ರಯೋಗದಲ್ಲಿರುವ ಪ್ರಾಣಿಗೆ ಹೊರಗಿನ ಆಹಾರ ಕೊಡಬಾರದು. ಅವಳು ತನ್ನ ಊಟದ ಡಬ್ಬಿಯಲ್ಲಿದ್ದ ಹುರಿದ ಶೇಂಗಾ ಕಾಳುಗಳನ್ನು ಎಣಿಸಿ ಇಟ್ಟುಕೊಂಡಳು. ಇಲಿಗೆ ಶೇಂಗಾ ಅಂದರೆ ಪ್ರಾಣ; ಗೆಲುವಾಗಿರುವ ಇಲಿ ಎಂಥ ನಿದ್ದೆಯಲ್ಲಿದ್ದರೂ ಎದ್ದು ಬರುತ್ತದೆ. ಕೇಜಿನ ನಡುವೆ ಒಂದು ಕಾಳು ಇಟ್ಟು ಎರಡು ನಿಮಿಷ ಕಾಯುವುದು, ತಿಂದಿತೋ ಇಲ್ಲವೋ ಬರೆಯುವುದು. ಫಾರೂಕನನ್ನೂ ಕರೆದಳು. ಇದು ಪ್ರೋಟೋಕಾಲಿನಲ್ಲಿಲ್ಲ, ತನ್ನ ಕೆಲಸಕ್ಕೆ ಕುತ್ತು ಎಂದು ಗೊಣಗುತ್ತಲೇ ಅವನು ಇಳಿದು ಬಂದ. ಬಂದವನು ಹೆಸರಿನ ಚೀಟಿಗಳನ್ನು ಮುಚ್ಚಬೇಕು, ಯಾವುದು ಯಾವ ಗುಂಪಿನದೆಂದು ನೋಡುವವರಿಗೆ ತಿಳಿಯಬಾರದು ಎಂದು ಹಟ ಹಿಡಿದ.

"ಮುಚ್ಚಪಾ. ಓಡೋದನ್ನ ಹೆಂಗ ಮುಚ್ಚತಿ?"

ಆದರೂ ಅವನು ಚೀಟಿಗಳ ಮೇಲೆ ಕಾಗದ ಅಂಟಿಸಿದ. ಎಂಟು ಗಂಟೆ ಐದು ನಿಮಿಷಕ್ಕೆ ಎಣಿಕೆ ಮುಗಿಯಿತು. ಹೋಲಿಕೆಗೆಂದು ಅದೇ ಔಷಧ ಕೊಡುತ್ತಿದ್ದ ಹನ್ನೆರಡು ಗಂಡಿಲಿಗಳಲ್ಲಿ ಹತ್ತು ಶೇಂಗಾ ತಿಂದವು. ಉಪ್ಪುನೀರಿನ ಹನ್ನೆರಡು ಹೆಣ್ಣಿಲಿಗಳಲ್ಲಿ ಹನ್ನೊಂದು ತಿಂದವು. ಔಷಧ ತೆಗೆದುಕೊಂಡ ಒಂಬತ್ತು ಹೆಣ್ಣಿಲಿಗಳಲ್ಲಿ ಒಂದೂ ತಿನ್ನಲಿಲ್ಲ. ಒಂದು ಮಾತ್ರ ಕಾಳಿನ ಹತ್ತಿರ ಬಂದು ಮೂಸಿತು. ಅಷ್ಟರಲ್ಲಿ ಬೆನ್ನ ಹಿಂದೆ ಏನೋ ಇದ್ದ ಹಾಗೆ ಬೆಚ್ಚಿ ಮತ್ತೆ ಓಡಿತು. ಉಳಿದವು ಕಾಳನ್ನು ತುಳಿದುಕೊಂಡು ಹೋದವು.

ಫಾರೂಕ್ ಅಂಕಿಗಳನ್ನು ಎರಡು ಸಲ ಓದಿದ. ಆಮೇಲೆ ಅವನು ತಮಾಷೆ ಮಾಡಲಿಲ್ಲ.

ಡಾ. ಇನಾಮದಾರ ಎಂಟೂವರೆಗೆ ಬಂದರು. ಐವತ್ತೈದರ ಆಸುಪಾಸಿನ, ಮಾತು ಕಡಿಮೆಯ ಹೆಂಗಸು. ಇಪ್ಪತ್ತು ವರ್ಷ ನೀರಿನ ತೊಟ್ಟಿಯ ಪಕ್ಕ ಸ್ಟಾಪ್‌ವಾಚ್ ಹಿಡಿದು ಕೂತು, ಈಜುವ ಇಲಿಗಳ ಸೆಕೆಂಡು ಎಣಿಸಿ ಈ ಕುರ್ಚಿಗೆ ಬಂದವರು. ದಾಕ್ಷಾಯಿಣಿ ಹೇಳುವುದನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿದರು. ಸಿಟ್ಟು ಮಾಡಲಿಲ್ಲ. ಅದೇ ದಾಕ್ಷಾಯಿಣಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಶೇಂಗಾ ತಿನ್ನಲಿಲ್ಲ ಅಂತ ಮುನ್ನೂರ ನಲವತ್ತು ಮಂದೀ ಔಷಧ ನಿಲ್ಲಸಬೇಕೇನು?"

"ಮುನ್ನೂರ ನಲವತ್ತಲ್ರಿ ಮೇಡಮ್. ನೂರಾ ತೊಂಬತ್ತೆಂಟು."

ಇನಾಮದಾರ ಎದುರಿನ ಕುರ್ಚಿ ತೋರಿಸಿದರು. ತಮ್ಮ ಕಷ್ಟವನ್ನು ಒಂದೊಂದಾಗಿ ಹೇಳಿದರು. ಔಷಧವನ್ನು ಏಕಾಏಕಿ ನಿಲ್ಲಿಸಿದರೆ ಏನಾಗುತ್ತದೆಂದು ಯಾರಿಗೂ ಗೊತ್ತಿಲ್ಲ. ಆ ಹೆಂಗಸರಲ್ಲಿ ಒಮ್ಮೆ ಜೀವ ಕಳೆದುಕೊಳ್ಳಲು ಹೋಗಿದ್ದವರು ಇದ್ದಾರೆ. ಅವರು ಮತ್ತೆ ಅಲ್ಲಿಗೇ ಹೋದರೆ ಹೊಣೆ ಯಾರು. ಪ್ರಯೋಗ ತಡೆಯುವ ಅಧಿಕಾರ ಸಮಿತಿಯದು, ಅದರ ಅಧ್ಯಕ್ಷರು ಈ ಹೊತ್ತಿನಲ್ಲಿ ವಿಮಾನದಲ್ಲಿದ್ದಾರೆ, ಮಧ್ಯಾಹ್ನ ಮೂರರ ತನಕ ಸಿಗುವುದಿಲ್ಲ. ನರ್ಸುಗಳು ಐಸ್ ಡಬ್ಬಿ ಹಿಡಿದು ಎಂಟಕ್ಕೇ ಹೊರಟಿದ್ದಾರೆ.

"ನಿಮಗ ಇದು ಇವತ್ತಽ ಕಂಡದ್ದೋ, ಮೊದಲೂ ಕಂಡಿತ್ತೋ?"

ದಾಕ್ಷಾಯಿಣಿ ರಿಜಿಸ್ಟರನ್ನು ಮೇಜಿನ ಮೇಲಿಟ್ಟಳು. ತೂಕ, ನೀರು, ಆಹಾರದ ಕಾಲಂಗಳಾದ ಮೇಲೆ ಕೊನೆಯದು ಷರಾ. ಏಳು ವಾರಗಳಿಂದ ಆ ಕಾಲಮ್ಮಿನಲ್ಲಿ ಅವಳು ಕನ್ನಡದಲ್ಲಿ ಸಣ್ಣ ಅಕ್ಷರಗಳಲ್ಲಿ ಬರೆಯುತ್ತ ಬಂದಿದ್ದಳು. ಕಣ್ಣಿನ ಸುತ್ತ ಕೆಂಪು. ಗೂಡು ಕಟ್ಟಿಲ್ಲ. ಹಿಕ್ಕೆ ಬಹಳ. ಹಗಲೆಲ್ಲ ಎಚ್ಚರ. ಮತ್ತೆ, ಗೂಡು ಕಟ್ಟಿಲ್ಲ. ಇಲಿಗೆ ಒತ್ತಡವಾದಾಗ ಕಣ್ಣಿನ ಹಿಂದಿನ ಗ್ರಂಥಿಯಿಂದ ಕೆಂಪು ನೀರು ಒಸರುತ್ತದೆ. ರಕ್ತವಲ್ಲ, ಆದರೆ ಅನಿಮಲ್ ಹೌಸಿನವರಿಗೆ ಅದರ ಅರ್ಥ ಗೊತ್ತು. ಬರೆದದ್ದನ್ನು ಯಾರೋ ಓದುತ್ತಿದ್ದಾರೆ ಎಂದು ಅವಳು ತಿಳಿದಿದ್ದಳು. ದಿನಾ ಸಂಜೆ ರಿಜಿಸ್ಟರಿನ ಪುಟವನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಕಳಿಸುತ್ತಿದ್ದರು, ನಿಜ. ಕಂಪ್ಯೂಟರು ಅಂಕಿಯ ಕಾಲಂಗಳನ್ನು ಮಾತ್ರ ಓದುತ್ತಿತ್ತು, ಇಳಿದ ತೂಕವನ್ನು ಹೆಚ್ಚಿದ ಓಟದ ಲೆಕ್ಕಕ್ಕೆ ಹಾಕುತ್ತಿತ್ತು. ಷರಾ ಕಾಲಮ್ಮಿನಲ್ಲಿ ಅಂಕಿ ಇರಲಿಲ್ಲ. ಸ್ವತಃ ಅವಳು ಮೀಟಿಂಗಿನ ಹಸಿರು ಗೆರೆಗಳನ್ನು ನೋಡಿ ತನ್ನ ಷರಾವನ್ನೇ ಮರೆತಿದ್ದಳು. ಅಕ್ಕನ ಗಂಡನಿಗೆ ತೊಂಬತ್ತು ಅಂದರೆ ಬಹಳ ಚೊಲೋ ಎಂದು ಫೋನಿನಲ್ಲಿ ಹೇಳಿದ್ದಳು.

ಇನಾಮದಾರ ಕನ್ನಡಕ ಏರಿಸಿಕೊಂಡು ಮೊದಲ ಪುಟದಿಂದ ಓದತೊಡಗಿದರು. ಫಾರೂಕನನ್ನು ಕರೆದು ಸತ್ತ ಮೂರು ಇಲಿಗಳ ವಿಡಿಯೊ ಹಾಕಲು ಹೇಳಿದರು. ತಾನು ಹೊರಡಲೇ ಎಂದು ದಾಕ್ಷಾಯಿಣಿ ಕೇಳಿದಾಗ ತಲೆ ಎತ್ತದೆ, ಇನ್ನೂ ತಾವೇನೂ ನಿರ್ಧಾರ ಮಾಡಿಲ್ಲ, ಆದರೆ ಮನೆಯವರನ್ನು ನೋಡಲು ಯಾರ ಅಪ್ಪಣೆಯೂ ಬೇಕಿಲ್ಲ ಎಂದರು.

ಒಂಬತ್ತು ಇಪ್ಪತ್ತಕ್ಕೆ ಅವಳು ಸ್ಕೂಟರ್ ಹತ್ತಿದಳು. ಹೆದ್ದಾರಿಯಲ್ಲಿ ಲಾರಿಗಳ ಸಾಲು ನಿಂತಿತ್ತು. ಭಾವನಿಗೆ ಮೂರು ಸಲ ಫೋನ್ ಮಾಡಿದಳು, ಎತ್ತಲಿಲ್ಲ. ಹೊಸಯಲ್ಲಾಪುರದ ಓಣಿಗೆ ತಿರುಗಿದಾಗ ಹತ್ತು ದಾಟಿತ್ತು. ಓಣಿಯ ತುದಿಗೇ ರೊಟ್ಟಿ ಬಡಿಯುವ ಸದ್ದು ಕೇಳಿಸಿತು.

ಆ ಸದ್ದನ್ನು ಅವಳು ಚಿಕ್ಕಂದಿನಿಂದ ಬಲ್ಲವಳು. ಹಿಟ್ಟಿನ ಉಂಡೆ ಕಲ್ಲಿಗೆ ಬಿದ್ದು ಅಂಗೈ ಅದನ್ನು ಸುತ್ತುತ್ತ ಬಡಿಯುತ್ತದೆ, ರೊಟ್ಟಿ ಹಂಚಿಗೆ ಹೋಗುತ್ತದೆ, ಆಗ ಸದ್ದು ನಿಲ್ಲುತ್ತದೆ. ನೀರು ಸವರಿ, ಮಗುಚಿ, ಬೇಯುವ ತನಕ ಬಿಡುವು. ಆ ಬಿಡುವಿನಲ್ಲೇ ಅಕ್ಕ ಹಾಡಿನ ಒಂದು ಸಾಲು ಅನ್ನುತ್ತಿದ್ದಳು, ಇಲ್ಲವೇ ಯಾರನ್ನಾದರೂ ಬೈಯುತ್ತಿದ್ದಳು. ಈಗ ಬಿಡುವಿರಲಿಲ್ಲ. ದಾಕ್ಷಾಯಿಣಿ ಸ್ಕೂಟರ್ ನಿಲ್ಲಿಸಿ ಹೆಲ್ಮೆಟ್ ತೆಗೆಯುವಷ್ಟು ಹೊತ್ತೂ ಸದ್ದು ಒಂದೇ ಸಮನೆ ಬರುತ್ತಿತ್ತು.

ಕಸ್ತೂರಿಯ ಗಂಡ ಅಡಿವೆಪ್ಪ ಮೋಟಾರ್ ವೈಂಡಿಂಗ್ ಮಾಡುವವನು. ಅಂಗಡಿ ಮನೆಯ ಮುಂದಿನ ಕೋಣೆಯಲ್ಲೇ ಇತ್ತು. ಹೊಲದ ಪಂಪ್‌ಸೆಟ್ ಒಂದನ್ನು ಬಿಚ್ಚಿ ತಾಮ್ರದ ತಂತಿ ಸುತ್ತುತ್ತಿದ್ದವನು ಅವಳನ್ನು ಕಂಡು ನಕ್ಕು ಮೊಬೈಲ್ ಮುಂದೆ ಹಿಡಿದ. ತೊಂಬತ್ತಮೂರು ಎಂದು ತೋರಿಸಿತ್ತು.

"ನೋಡವಾ ದಾಕ್ಷಿ, ಇವತ್ತ ನನ್ನ ಹೇಣ್ತಿ ಫಸ್ಟ್ ಕ್ಲಾಸ್ ಪಾಸ್. ನಸಿಕಿನ್ಯಾಗಿಂದ ಇನ್ನೂರ ಹತ್ತು ರೊಟ್ಟಿ ಆದವು."

ಒಳಗಿನಿಂದ ಅವನ ತಾಯಿ ಗುರವ್ವನ ದನಿ ಬಂತು. ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದ ಮುದುಕಿ, ಆ ಮೂಗಿನ ಔಷಧವನ್ನು ತನಗೂ ಎರಡು ಹನಿ ಹಾಕಲು ಡಾಕ್ಟರಿಗೆ ಹೇಳು, ಮೊಣಕಾಲು ಹೀಗೆ ಓಡಿದರೆ ಸವದತ್ತಿಗೆ ನಡೆದೇ ಹೋಗಿ ಬರುತ್ತೇನೆ ಎಂದಳು. ಸೊಸೆ ಸೋಮವಾರ ಇಡೀ ಅಟ್ಟ ಇಳಿಸಿ ತೊಳೆದಳು, ಮಂಗಳವಾರ ಮತ್ತೆ ಅದನ್ನೇ ಇಳಿಸಿ ತೊಳೆದಳು ಎಂದು ಹೆಮ್ಮೆಯಿಂದಲೇ ಹೇಳಿದಳು.

ಅಡುಗೆಮನೆಯಲ್ಲಿ ಕಸ್ತೂರಿ ಎರಡು ಕಲ್ಲು ಇಟ್ಟುಕೊಂಡಿದ್ದಳು. ಒಂದು ರೊಟ್ಟಿ ಹಂಚಿನ ಮೇಲಿರುವಾಗಲೇ ಇನ್ನೊಂದನ್ನು ಬಡಿಯುತ್ತಿದ್ದಳು. ತಂಗಿಯನ್ನು ನೋಡಿ ನಕ್ಕಳು. ನಗು ಸರಿಯಾಗಿಯೇ ಇತ್ತು. ಕೈ ನಿಲ್ಲಲಿಲ್ಲ. ಬಳೆಗಳು ಮಣಿಕಟ್ಟಿನಿಂದ ಜಾರಿ ಮೊಣಕೈ ತನಕ ಹೋಗಿ ಬರುತ್ತಿದ್ದವು.

"ಬಂದಿ? ಬಿಸಿ ರೊಟ್ಟಿ ಐತಿ, ಉಣ್ಣು."

ದಾಕ್ಷಾಯಿಣಿ ಎರಡು ತಾಟು ತೆಗೆದಳು. ರೊಟ್ಟಿ, ಮೊಸರು ಕಲಸಿದ ಶೇಂಗಾ ಚಟ್ನಿಪುಡಿಯ ಹಿಂಡಿ ಹಾಕಿದಳು. ಒಂದು ತಾಟನ್ನು ತನ್ನ ಮುಂದೆ, ಇನ್ನೊಂದನ್ನು ಎದುರಿಗೆ ಇಟ್ಟಳು. ನನ್ನ ಜೋಡಿ ಕೂತು ಉಣ್ಣು ಎಂದಳು. ಇದೊಂದು ರೊಟ್ಟಿ ಮುಗಿಸಿ ಬರುತ್ತೇನೆ ಎಂದಳು ಕಸ್ತೂರಿ. ಒಂದು ಮುಗಿಯಿತು, ಇನ್ನೊಂದು ಉಂಡೆ ಕಲ್ಲಿಗೆ ಬಿತ್ತು. ಮತ್ತೆ ಕರೆದಾಗ ಅದೇ ಮಾತು, ಮೂರನೆಯ ಸಲವೂ ಅದೇ.

ಅಕ್ಕ ಕಡೆಯ ಸಲ ಕೂತು ಉಂಡದ್ದು ಯಾವಾಗ ಎಂದು ದಾಕ್ಷಾಯಿಣಿ ಗುರವ್ವನನ್ನು ಕೇಳಿದಳು. ನಿಂತೇ ತಿನ್ನುತ್ತಾಳಲ್ಲ ಎಂದಳು ಮುದುಕಿ. ಏನು ತಿನ್ನುತ್ತಾಳೆ ಎಂದು ಕೇಳಿದಾಗ ಯೋಚಿಸಿದಳು. ಬಾಗಿಲಿಗೆ ಬಂದಿದ್ದ ಮಗನ ಮುಖ ನೋಡಿದಳು.

ದಾಕ್ಷಾಯಿಣಿ ಎದ್ದು ಗ್ಯಾಸ್ ಆರಿಸಿದಳು. ಅಕ್ಕನ ಎರಡೂ ಹಿಟ್ಟಿನ ಕೈಗಳನ್ನು ಹಿಡಿದು ತಾಟಿನ ಮುಂದೆ ಕೂರಿಸಿದಳು.

ಕಸ್ತೂರಿ ಕೂತಳು. ಕಾಲ ಬೆರಳುಗಳು ನೆಲದ ಮೇಲೆ ಆಡುತ್ತಿದ್ದವು. ಅಂಗೈ ತಾನಾಗಿಯೇ ನೆಲವನ್ನು ಬಡಿಯತೊಡಗಿತು. ರೊಟ್ಟಿಯ ಚೂರು ಮುರಿದು ಹಿಂಡಿಗೆ ಅದ್ದಿದಳು, ಬಾಯಿಯ ತನಕ ತಂದಳು, ಹಾಗೆಯೇ ಹಿಡಿದಳು. ಕುತ್ತಿಗೆ ಹೊರಳಿಸಿ ಹಿಂದೆ ನೋಡಿದಳು. ಹಿಂದೆ ಸುಣ್ಣ ಬಳಿದ ಗೋಡೆ ಬಿಟ್ಟರೆ ಏನೂ ಇರಲಿಲ್ಲ.

"ನಿಂತ್ರ ಹಿಡೀತೈತಿ, ದಾಕ್ಷಿ."

"ಏನು ಹಿಡೀತೈತಿ ಅಕ್ಕಾ?"

"ಗೊತ್ತಿಲ್ಲ. ಬೆನ್ನ ಹಿಂದ ಐತಿ. ಕೈ ಆಡಸೋ ತನಕ ಬರೂದಿಲ್ಲ."

"ಎಂದಿನಿಂದ?"

"ನಾಕನೇ ಡೋಸಿನಿಂದ." ಅವಳು ಗಂಡನ ಕಡೆ ನೋಡಿ ದನಿ ತಗ್ಗಿಸಿದಳು. "ನೀವೆಲ್ಲಾ ಖುಷಿ ಆಗಿದ್ರಿ."

ಅಡಿವೆಪ್ಪ ಒಳಗೆ ಬಂದು ಹೆಂಡತಿಯ ಪಕ್ಕ ಕುಕ್ಕರುಗಾಲಲ್ಲಿ ಕೂತ. ರಿಪೇರಿಗೆ ಬಂದ ಮೋಟಾರಿಗೆ ಕರೆಂಟ್ ಕೊಟ್ಟು ಅದರ ಮೈಯನ್ನು ಮುಟ್ಟಿ ನೋಡುವ ರೀತಿಯಲ್ಲಿ ಕೈಯ ಹಿಂಭಾಗವನ್ನು ಅವಳ ಕುತ್ತಿಗೆಯ ಬದಿಗೆ ಇಟ್ಟ. ಬಹಳ ಹೊತ್ತು ತೆಗೆಯಲಿಲ್ಲ. ಅವನ ಬೆರಳ ಕೆಳಗೆ ನಾಡಿ ಎಷ್ಟು ಜೋರಾಗಿ ಹೊಡೆಯುತ್ತಿತ್ತೆಂದರೆ ದಾಕ್ಷಾಯಿಣಿಗೆ ಎದುರಿನಿಂದಲೇ ಕಾಣುತ್ತಿತ್ತು.

"ತ್ರೀ ಫೇಸಿನ ಮೋಟಾರು ಎರಡು ಫೇಸಿನ ಮ್ಯಾಲೂ ತಿರಗತೈತಿ," ಎಂದ ಅವನು, ಯಾರಿಗೆಂದಿಲ್ಲದೆ. "ದೂರ ನಿಂತು ನೋಡಿದಂವಗ ತಿರಗೋದಷ್ಟ ಕಾಣತೈತಿ. ಒಳಗ ಸುಡತಿರತೈತಿ. ಇಪ್ಪತ್ತು ವರ್ಷ ಆತು, ರೈತರಿಗೆ ಇದನ್ನಽ ಹೇಳಕೋಂತ ಬಂದೀನಿ. ಕೈ ಇಟ್ಟು ನೋಡ್ರಿ ಅಂತ."

ಹತ್ತೂವರೆಗೆ ಸರಿಯಾಗಿ ನರ್ಸ್ ಜಯಶೀಲಾ ಐಸ್ ಡಬ್ಬಿ ಹಿಡಿದು ಬಂದಳು. ಚಪ್ಪಲಿ ಬಿಡುತ್ತಲೇ ಕೈಪಟ್ಟಿಯ ಅಂಕಿ ನೋಡಿ, ತಾನು ನೋಡುವ ರೋಗಿಗಳಲ್ಲಿ ಇವತ್ತಿನ ತನಕ ಇದೇ ಹೆಚ್ಚಿನದು ಎಂದು ಕಸ್ತೂರಿಯ ಬೆನ್ನು ತಟ್ಟಿದಳು. ಕಸ್ತೂರಿ ಬೆಚ್ಚಿ ಎದ್ದು ನಿಂತಳು. ದಾಕ್ಷಾಯಿಣಿ ಬೆಳಗಿನ ಸಂಗತಿಯನ್ನೆಲ್ಲ ಚಿಕ್ಕದಾಗಿ ಹೇಳಿದಳು. ಕೇಂದ್ರದಿಂದ ತನಗೆ ಯಾವ ಸೂಚನೆಯೂ ಬಂದಿಲ್ಲ, ನಿಮ್ಮ ಮಾತಿನ ಮೇಲೆ ಡೋಸ್ ತಪ್ಪಿಸಲು ಬರುವುದಿಲ್ಲ ಎಂದಳು ಜಯಶೀಲಾ. ರೋಗಿ ತಾನೇ ಬೇಡವೆಂದರೆ ಮಾತು ಬೇರೆ. ಗಂಡ, ತಂಗಿ ಯಾರೂ ಅವಳ ಪರವಾಗಿ ಹೇಳುವಂತಿಲ್ಲ.

ಎಲ್ಲರೂ ಕಸ್ತೂರಿಯನ್ನು ನೋಡಿದರು. ಅವಳು ಅಡುಗೆಕಟ್ಟೆಯನ್ನು ಒರೆಸತೊಡಗಿದ್ದಳು.

"ನಿಲ್ಲಿಸಿದ್ರ ಮತ್ತ ಗ್ವಾಡಿಗೆ ಮುಖ ಮಾಡಿ ಕುಂದರತೀನೇನು?"

ಸುಳ್ಳು ಹೇಳಬಹುದಾಗಿತ್ತು. ದಾಕ್ಷಾಯಿಣಿ ಹೇಳಲಿಲ್ಲ. "ಕುಂದರಬಹುದು ಅಕ್ಕಾ. ನನಗ ಗೊತ್ತಿಲ್ಲ."

ಕಸ್ತೂರಿ ಒರೆಸಿದ ಜಾಗವನ್ನೇ ಇನ್ನೆರಡು ಸಲ ಒರೆಸಿದಳು. ಜಯಶೀಲಾ ಸಿಂಪಡಿಸುವ ಕೊಳವೆಯನ್ನು ಐಸಿನಿಂದ ತೆಗೆದು ಕೈಯಲ್ಲಿ ಹಿಡಿದಿದ್ದಳು. ತೆಗೆದ ಮೇಲೆ ಹತ್ತು ನಿಮಿಷದೊಳಗೆ ಬಳಸಬೇಕಿತ್ತು.

"ಗ್ವಾಡಿ ಮುಂದ ಏನೂ ಇರಲಿಲ್ಲ," ಎಂದಳು ಕಸ್ತೂರಿ. "ಇಲ್ಲಿ ಐತಿ." ಆಮೇಲೆ ಜಯಶೀಲಾಳ ಕಡೆ ತಿರುಗಿ, "ಬ್ಯಾಡ್ರಿ, ಸಿಸ್ಟರ್," ಎಂದಳು.

ಜಯಶೀಲಾ ಫಾರ್ಮಿನಲ್ಲಿ ನಿರಾಕರಣೆ ಎಂದು ಬರೆದು ಹತ್ತು ಗಂಟೆ ನಲವತ್ತೊಂದು ನಿಮಿಷ ಎಂದು ವೇಳೆ ಹಾಕಿ ಸಹಿ ಮಾಡಿಸಿಕೊಂಡಳು. ಕಸ್ತೂರಿಯ ಸಹಿ ಕಾಗದದ ಅಂಚಿನ ತನಕ ಓಡಿಹೋಯಿತು.

ಹತ್ತು ಐವತ್ತೆರಡಕ್ಕೆ ದಾಕ್ಷಾಯಿಣಿಯ ಫೋನು ಬಡಿದುಕೊಂಡಿತು. ಡಾ. ಇನಾಮದಾರ. ರಿಜಿಸ್ಟರನ್ನು ಕೊನೆಯ ತನಕ ಓದಿದೆ ಎಂದರು. ವಿಡಿಯೊಗಳನ್ನು ಶಬ್ದವಿಲ್ಲದೆ, ಅಂಕಿಯನ್ನು ಮುಚ್ಚಿ ನೋಡಿದೆ ಎಂದರು. ಅಧ್ಯಕ್ಷರು ಇನ್ನೂ ಸಿಕ್ಕಿಲ್ಲ. ಹೆಂಗಸರ ಡೋಸುಗಳನ್ನು ಇನಾಮದಾರರೇ ತಮ್ಮ ಸಹಿಯ ಮೇಲೆ ತಡೆದಿದ್ದಾರೆ, ಎಲ್ಲ ನರ್ಸುಗಳಿಗೂ ಸಂದೇಶ ಹೋಗಿದೆ. ಆದರೆ ಎಂಟರಿಂದ ಇಷ್ಟು ಹೊತ್ತಿನೊಳಗೆ ಅರವತ್ತೊಂದು ಮಂದಿಗೆ ಏಳನೆಯ ಡೋಸ್ ಆಗಿಹೋಗಿದೆ.

"ನನಗ ಇಪ್ಪತ್ತು ವರ್ಷದಾಗ ಒಮ್ಮೆನೂ ಅನಸಲಿಲ್ಲ ನೋಡ್ರಿ," ಎಂದರು. "ಈಜೋ ಇಲಿ ಎದಕ್ಕ ಈಜತದ ಅಂತ."

ಉತ್ತರಕ್ಕೆ ಕಾಯದೆ ಅವರು ಮುಂದಿನ ಕೆಲಸ ಹೇಳಿದರು. ಅರವತ್ತೊಂದು ಮನೆಗಳಿಗೂ ಸಂಜೆಯೊಳಗೆ ಯಾರಾದರೂ ಹೋಗಬೇಕು. ಡಾಕ್ಟರುಗಳು ಆರು ಜನ ಮಾತ್ರ ಇದ್ದಾರೆ. ಮೊದಲು ಹೋದವರು ಯಾರನ್ನು ಕೂಡಲೇ ಆಸ್ಪತ್ರೆಗೆ ಕರೆತರಬೇಕೆಂದು ಗುರುತಿಸಬೇಕು. ಕೈಪಟ್ಟಿ ನೋಡಬೇಡಿ, ಕೂತು ಉಣ್ಣಲು ಹೇಳಿ ನೋಡಿ ಎಂದು ಎಲ್ಲರಿಗೂ ಹೇಳಿದ್ದೇನೆ ಎಂದರು. ದಾಕ್ಷಾಯಿಣಿಯ ಮೊಬೈಲಿಗೆ ಹನ್ನೊಂದು ವಿಳಾಸಗಳು ಬಂದವು. ಕಸ್ತೂರಿಯನ್ನು ನೋಡಲು ಹನ್ನೆರಡಕ್ಕೆ ಒಬ್ಬ ಡಾಕ್ಟರು ಬರುವರೆಂದು ಅದರ ಕೆಳಗೆ ಬರೆದಿತ್ತು.

ಅಡಿವೆಪ್ಪ ಅಂಗಡಿಯ ಬಾಗಿಲು ಎಳೆದು ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತ. ಗುರವ್ವ ಚಾಚಿದ್ದ ಕಾಲು ಮಡಿಸಿಕೊಂಡಳು. ಕಸ್ತೂರಿ ರೊಟ್ಟಿ ಬಡಿಯುವ ಕಲ್ಲುಗಳನ್ನು ತೊಳೆಯುತ್ತಿದ್ದಳು. ಎದುರಿಗಿಟ್ಟ ತಾಟಿನಲ್ಲಿ ಮುರಿದ ರೊಟ್ಟಿಯ ಚೂರು ಹಿಂಡಿಯಲ್ಲಿ ಅದ್ದಿದಂತೆಯೇ ಇತ್ತು. ಹೋಗಿ ಬರುತ್ತೇನೆ ಎಂದು ದಾಕ್ಷಾಯಿಣಿ ಹೇಳಿದಾಗ ಅವಳು ಹೂಂ ಎಂದಳು. ಹಿಂದಿರುಗಿ ನೋಡಲಿಲ್ಲ.

ಪಟ್ಟಿಯ ಮೊದಲ ವಿಳಾಸ ಮಾಳಮಡ್ಡಿಯದು. ನಿವೃತ್ತ ಶಿಕ್ಷಕಿ, ಐವತ್ತೊಂಬತ್ತು ವರ್ಷ, ಏಳನೆಯ ಡೋಸ್ ಆಗಿದ್ದು ಎಂಟೂ ನಲವತ್ತಕ್ಕೆ. ದಾಕ್ಷಾಯಿಣಿ ಹನ್ನೊಂದು ಇಪ್ಪತ್ತೈದಕ್ಕೆ ಅಲ್ಲಿ ತಲುಪಿದಳು. ಗೇಟಿನಲ್ಲಿ ಸಿಕ್ಕ ಆಕೆಯ ಮಗಳು, ತಾಯಿ ಈಗ ಹೇಗಿದ್ದಾರೆ ಎಂದು ಕೇಳಿದ್ದಕ್ಕೆ, ಬಹಳ ಆರಾಮ ಇದ್ದಾರೆ, ಬೆಳಗಿನಿಂದ ಒಂದು ನಿಮಿಷ ಕೂತಿಲ್ಲ ಎಂದಳು. ಒಳಗೆ ಯಾರೋ ಹಿತ್ತಾಳೆಯ ಪಾತ್ರೆ ತಿಕ್ಕುತ್ತಿದ್ದರು. ದಾಕ್ಷಾಯಿಣಿ ಬಾಗಿಲು ಬಡಿದಳು. ತಿಕ್ಕುವ ಸದ್ದು ನಿಲ್ಲಲಿಲ್ಲ.

ಆ ಶಿಕ್ಷಕಿಯ ಕೈಪಟ್ಟಿಯಲ್ಲಿ ಆಗ ತೊಂಬತ್ತಾರು ಇತ್ತು.